ಸಮಯ ಉಳಿದರೆ

ಪರದೇಶಕ್ಕೆ ಹೋಗಿ ಬಂದವರ ಲೇಖನಗಳನ್ನು ಓದಿ ಓದಿ ಬೇಸತ್ತವರಲ್ಲಿ ನಾನೂ ಒಬ್ಬ. ಹೋದವರೆಲ್ಲರೂ ಅದೇ ಸೇತುವೆಯನ್ನು ದಾಟುತ್ತಾರೆ. ಅದೇ ಗಡಿಯಾರದ ಗೋಪುರದ ಕೆಳಗೆ ನಿಂತು ಬೆರಗಾಗುತ್ತಾರೆ. ಆದುದರಿಂದ ಲಂಡನ್ನಿನ ವಿಷಯವಾಗಿ ಒಂದಕ್ಷರವನ್ನೂ ಬರೆಯಕೂಡದೆಂದು ನಿಶ್ಚಯಿಸಿಕೊಂಡೇ ನಾನು ವಿಮಾನ ಹತ್ತಿದ್ದೆ. ಆ ನಿಶ್ಚಯ ಮುರಿದದ್ದು ಒಂದು ಚೀಟಿಯಿಂದ. ಚೀಟಿ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಅದು 2018ರ ಜೂನ್ ತಿಂಗಳ ಕೊನೆಯ ವಾರ. ನಾವು ಮೂವರೂ ಒಂದೇ ಕಾಲೇಜಿನ ಅಧ್ಯಾಪಕರು. ಕಾಲೇಜುಗಳಲ್ಲಿ ಮನುಷ್ಯರಿಗೆ ಹೆಸರಿಗಿಂತ ವಿಷಯವೇ ಮುಖ್ಯವಷ್ಟೆ. ಅದೇ ಸಂಪ್ರದಾಯದಂತೆ ನಮ್ಮೊಳಗೆ ಒಬ್ಬರು ಗಣಿತದವರು, ಒಬ್ಬರು ಇತಿಹಾಸದವರು, ನಾನು ಕನ್ನಡದವನು. ಹತ್ತು ದಿನಗಳ ಯೂರೋಪು ಪ್ರವಾಸದಲ್ಲಿ ಲಂಡನ್ನಿಗೆ ದೊರೆತದ್ದು ಒಂದೇ ಒಂದು ಹಗಲು. ನಮ್ಮ ಆತಿಥೇಯ ಧಾರವಾಡದ ಹಾಸ್ಟೆಲಿನಲ್ಲಿ ನನ್ನೊಡನೆ ಎರಡು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳೆಯ; ವಿಜಯಪುರ ಜಿಲ್ಲೆಯವನು. 2001ರಲ್ಲಿ ಸಮುದ್ರ ದಾಟಿದವನು ಕ್ರಾಯ್ಡನ್ನಿನಲ್ಲಿ ಮನೆ ಮಾಡಿ ನಿಂತುಬಿಟ್ಟ. ಅವನ ಮದುವೆಯ ತರುವಾಯ ನಾವಿಬ್ಬರೂ ಮುಖತಃ ಭೇಟಿಯಾದದ್ದು ಅಂದೇ.

ರಾತ್ರಿ ಹೊತ್ತು ಮೀರಿ ತಲುಪಿದೆವು, ಉಂಡು ಮಲಗಿದೆವು. ಬೆಳಗ್ಗೆ ಕಾಫಿಯ ಲೋಟದೊಡನೆ ಅವನು ನಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟ. ದಿನದ ಕಾರ್ಯಕ್ರಮ! ಒಂಬತ್ತೂವರೆಗೆ ವೆಸ್ಟ್‌ಮಿನ್‌ಸ್ಟರ್ ಅಬೆ, ಹನ್ನೊಂದೂಕಾಲಿಗೆ ಬಸ್ಸು, ಹನ್ನೆರಡಕ್ಕೆ ಬ್ರಿಟಿಷ್ ಮ್ಯೂಸಿಯಂ, ಒಂದೂ ನಲವತ್ತಕ್ಕೆ ಊಟ. ಹೀಗೆ ಸಂಜೆಯವರೆಗೆ ನಿಮಿಷ ನಿಮಿಷದ ಲೆಕ್ಕ. ಕಟ್ಟಕಡೆಯಲ್ಲಿ ವೇಳೆಯನ್ನು ಹಾಕದ ಒಂದೇ ಒಂದು ಸಾಲಿತ್ತು: ‘ಸಮಯ ಉಳಿದರೆ, ಬಸವಣ್ಣ’. ಗಣಿತದವರು ಚೀಟಿಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ‘ಶೇಷವೇ ಇಲ್ಲದ ಭಾಗಾಕಾರ!’ ಎಂದು ಕೊಂಡಾಡಿದರು.

ಥೇಮ್ಸ್ ನದಿಯ ದಡದಲ್ಲಿ ಮೊದಲ ನಿರಾಶೆ ಕಾದಿತ್ತು. ಮೂರು ತಲೆಮಾರಿನ ಪ್ರವಾಸಕಥನಗಳಲ್ಲಿ ತಪ್ಪದೆ ಬಾರಿಸುತ್ತ ಬಂದ ಬಿಗ್ ಬೆನ್ ಗಂಟೆ ಅಂದು ಮೂಕವಾಗಿತ್ತು. 2017ರ ಆಗಸ್ಟಿನಲ್ಲಿ ಆರಂಭವಾದ ದುರಸ್ತಿಗಾಗಿ ಅದನ್ನು ನಿಲ್ಲಿಸಿದ್ದರು. ವಿಶೇಷ ದಿನಗಳ ಹೊರತು ಅದು ಬಾಯಿಬಿಡುತ್ತಿರಲಿಲ್ಲ. ಗೋಪುರ ಮದುವೆಗೆ ಮುಂಚೆ ಸುಣ್ಣ ಬಳಿಯಿಸಿಕೊಳ್ಳುತ್ತಿರುವ ಮನೆಯಂತೆ ಸಾರವೆಯೊಳಗೆ ಅವಿತುಕೊಂಡಿತ್ತು. ಮಳೆಗೆಂದು ಊರಿನಿಂದ ಹೊತ್ತು ತಂದ ಮೂರು ಕೊಡೆಗಳೂ ನಿಷ್ಪ್ರಯೋಜಕವಾದವು. ಇಂಗ್ಲೆಂಡಿನ ಆಕಾಶ ಆ ವಾರ ನಮ್ಮ ಏಪ್ರಿಲ್ ತಿಂಗಳಿನಂತೆ ಉರಿಯುತ್ತಿತ್ತು.

ಅಬೆಯ ಒಳಗೆ ಕವಿಗಳ ಮೂಲೆ ಎಂಬ ಭಾಗವೊಂದಿದೆ. ನಾನು ಆತುರದಿಂದ ಹೋದದ್ದು ಅಲ್ಲಿಗೆ. 1400ರಲ್ಲಿ ತೀರಿಕೊಂಡ ಚಾಸರ್ ಅಲ್ಲಿ ಸಮಾಧಿಯಾದ ಮೊದಲ ಕವಿ. ಆದರೆ ಅವನಿಗೆ ಆ ಸ್ಥಳ ದೊರೆತದ್ದು ಕಾವ್ಯದಿಂದಲ್ಲ, ಅರಮನೆಯ ಸೇವೆಯಲ್ಲಿದ್ದು ಅಬೆಯ ಆವರಣದಲ್ಲಿಯೇ ಬಾಡಿಗೆಗೆ ವಾಸವಾಗಿದ್ದುದರಿಂದ. ಕವಿಗೆ ಕಾವ್ಯದಿಂದ ಆರಡಿ ನೆಲವೂ ಹುಟ್ಟದೆಂಬುದು ಎಲ್ಲ ದೇಶಗಳಿಗೂ ಸಮಾನವಾದ ಧರ್ಮವೆಂದು ತೋರುತ್ತದೆ. ಈ ಮಾತನ್ನು ಹೇಳಿ ನಗಿಸೋಣವೆಂದು ತಿರುಗಿದರೆ ಗಣಿತದವರೇ ಇಲ್ಲ!

ಹುಡುಕಿದಾಗ ಅವರು ನ್ಯೂಟನ್ನನ ಸಮಾಧಿಯ ಸಮೀಪದಲ್ಲಿ ತಲೆತಗ್ಗಿಸಿ ನಿಂತಿದ್ದರು. ಕಾಲಬಳಿ ಒಂದು ಹೊಸ ಕಪ್ಪು ಕಲ್ಲು. ಸ್ಟೀಫನ್ ಹಾಕಿಂಗರ ಚಿತಾಭಸ್ಮವನ್ನು ಅಲ್ಲಿ ಇರಿಸಿದ್ದು ಅದೇ ಜೂನ್ 15ರಂದು. ಎರಡು ವಾರವೂ ಸರಿಯಾಗಿ ಕಳೆದಿರಲಿಲ್ಲ. ಕಲ್ಲಿನ ಮೇಲೆ ಕೃಷ್ಣರಂಧ್ರದ ಉಷ್ಣತೆಯನ್ನು ಹೇಳುವ ಅವರ ಸಮೀಕರಣವನ್ನು ಕೆತ್ತಿದ್ದರು. ಒಳಗೆ ಚಿತ್ರ ತೆಗೆಯಕೂಡದೆಂಬ ನಿಯಮ ಆಗ ಇತ್ತು. ನಮ್ಮ ಮಿತ್ರರು ಚೀಟಿಯ ಹಿಂಬದಿಯಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳುತ್ತಿದ್ದರು. ‘ಒಂದೇ ಸಾಲು, ನೋಡಿ. ಒಂದು ಜೀವಮಾನಕ್ಕೆ ಒಂದು ಸಾಲು ಸಾಕು’ ಎಂದರು. ಕವಿಗಳ ಮೂಲೆಯಲ್ಲಿ ನನಗೆ ಹೊಳೆಯದ ಮಾತು ಅದು. ಶೇಷವಿಲ್ಲದ ಭಾಗಾಕಾರದಲ್ಲಿ ಅರ್ಧ ಗಂಟೆ ಅಲ್ಲಿಯೇ ಕಳೆದುಹೋಯಿತು.

ನಮ್ಮ ಗೆಳೆಯ ಗಡಿಯಾರ ನೋಡಿಕೊಂಡು ನಮ್ಮನ್ನು ಎರಡಂತಸ್ತಿನ ಕೆಂಪು ಬಸ್ಸಿಗೆ ಅಟ್ಟಿದ. ಟ್ರಫಾಲ್ಗರ್ ಚೌಕವನ್ನೂ ಅದರ ಕಂಬದ ತುದಿಯಲ್ಲಿರುವ ನೆಲ್ಸನ್ನನನ್ನೂ ಮೇಲಂತಸ್ತಿನ ಕಿಟಕಿಯಿಂದ ಮೂರು ನಿಮಿಷಗಳಲ್ಲಿ ನೋಡಿ ಮುಗಿಸಿದೆವು. ಅವನು ದಾರಿಯುದ್ದಕ್ಕೂ ಎಡಕ್ಕೆ ಇದು, ಬಲಕ್ಕೆ ಅದು ಎಂದು ವಿವರಿಸುತ್ತಲೇ ಇದ್ದ. ಅರ್ಧ ಇಂಗ್ಲಿಷು, ಅರ್ಧ ಪುಸ್ತಕದ ಕನ್ನಡ. ಹಾಸ್ಟೆಲಿನ ಕೋಣೆಯಲ್ಲಿ ನನ್ನನ್ನು ‘ಲೇ’ ಎಂದು ಎಬ್ಬಿಸುತ್ತಿದ್ದವನ ಮಾತು ಇದಲ್ಲವಲ್ಲ ಎಂದು ಒಮ್ಮೆ ಅನ್ನಿಸಿತು. ಬಸ್ಸು ತಿರುಗಿತು, ಅನ್ನಿಸಿದ್ದು ಅಲ್ಲಿಗೇ ನಿಂತಿತು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ತಡ ಮಾಡಿದವನು ನಾನು. ರೊಸೆಟ್ಟಾ ಶಿಲೆಯ ಮುಂದೆ ತೇರಿನ ಜನ. ಕ್ರಿಸ್ತಪೂರ್ವ 196ರಲ್ಲಿ ಈಜಿಪ್ಟಿನ ಅರ್ಚಕರು ತಮ್ಮ ಎಳೆಯ ದೊರೆಯ ಉಪಕಾರಗಳನ್ನು ಹೊಗಳಿ, ಬಿಟ್ಟ ತೆರಿಗೆಗಳನ್ನು ನೆನೆದು ಹಾಕಿಸಿದ ಶಾಸನವದು. ನಮ್ಮ ಊರೂರಿನ ದಾನಶಾಸನಗಳ ಹತ್ತಿರದ ನಂಟ. ಒಂದೇ ವಿಷಯವನ್ನು ಮೂರು ಲಿಪಿಗಳಲ್ಲಿ ಬರೆದುದರಿಂದ, ಅವುಗಳಲ್ಲಿ ಗ್ರೀಕನ್ನು ಓದಬಲ್ಲವರು ಇದ್ದುದರಿಂದ, 1822ರಲ್ಲಿ ಶಾಂಪೋಲಿಯೋ ಎಂಬ ಫ್ರೆಂಚ್ ವಿದ್ವಾಂಸ ಚಿತ್ರಲಿಪಿಯ ಬೀಗವನ್ನು ತೆರೆದ. ಒಂದು ಸಾವಿರದ ನಾನೂರು ವರ್ಷಗಳಷ್ಟು ಕಾಲ ಯಾರ ಕಿವಿಗೂ ಬೀಳದ ಭಾಷೆ ಮತ್ತೆ ಮಾತನಾಡಿತು. ಶಾಸನಪಾಠ ಹೇಳುವವನಿಗೆ ಇದಕ್ಕಿಂತ ದೊಡ್ಡ ಯಾತ್ರಾಸ್ಥಳ ಯಾವುದು?

ಇತಿಹಾಸದವರು ಮಾತ್ರ ಕಲ್ಲಿನ ಮುಖವನ್ನು ಬಿಟ್ಟು ಅದರ ಪಕ್ಕೆಯನ್ನು ನೋಡುತ್ತಿದ್ದರು. ಬ್ರಿಟಿಷ್ ಸೈನ್ಯ ಇದನ್ನು 1801ರಲ್ಲಿ ಈಜಿಪ್ಟಿನಲ್ಲಿ ವಶಪಡಿಸಿಕೊಂಡಿತೆಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ‘ಫ್ರೆಂಚರಿಗೆ ಇದು ನೆಲದಲ್ಲಿ ಸಿಕ್ಕಿದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದೂ 1799ರಲ್ಲಿ. ಆ ವರ್ಷವೇ ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೆ ಕಾಗದ ಬರೆದದ್ದು’ ಎಂದು ಮೆಲ್ಲನೆ ಹೇಳಿದರು. ‘ಇನ್ನೊಂದು ಪೆಟ್ಟಿಗೆ ಮಧ್ಯಾಹ್ನ ನೋಡುತ್ತೇವಲ್ಲ!’

ರಸೆಲ್ ಚೌಕದ ಹುಲ್ಲಿನ ಮೇಲೆ ಕುಳಿತು, ಗೆಳೆಯನ ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ ಮತ್ತು ಶೇಂಗಾ ಚಟ್ನಿಯನ್ನು ಹದಿನೈದು ನಿಮಿಷಗಳಲ್ಲಿ ಮುಗಿಸಿ, ಹೋಬರ್ನ್ ನಿಲ್ದಾಣದಿಂದ ಪಾತಾಳದ ರೈಲು ಹಿಡಿದೆವು. ದಕ್ಷಿಣ ಕೆನ್ಸಿಂಗ್‌ಟನ್ನಿನಲ್ಲಿ ಇಳಿದು, ಉದ್ದವಾದ ಸುರಂಗದಲ್ಲಿ ನಡೆದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಟಿಪ್ಪುವಿನ ಹುಲಿ.

ಚಿತ್ರಗಳಲ್ಲಿ ಎಲ್ಲರೂ ನೋಡಿದ್ದೇ: ಬಿದ್ದ ಬಿಳಿಯ ಸಿಪಾಯಿಯ ಮೇಲೆರಗಿದ ಮರದ ಹುಲಿ. ಉದ್ದ ಆರಡಿಗೆ ಸ್ವಲ್ಪ ಕಡಿಮೆ. ಹುಲಿಯ ಒಡಲೊಳಗೆ ವಾದ್ಯದ ಕೀಲಿಗಳಿವೆ; ಪಕ್ಕದ ಹಿಡಿಯನ್ನು ತಿರುಗಿಸಿದರೆ ಮನುಷ್ಯನ ಕೈ ಮೇಲೇಳುತ್ತದೆ, ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಕಂಪೆನಿಯವರು ಇದನ್ನು ತಂದು 1808ರಿಂದ ಲಂಡನ್ನಿನ ತಮ್ಮ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಾಗ, ಬಂದಬಂದವರೆಲ್ಲ ಹಿಡಿ ತಿರುಗಿಸಿ, ಪಕ್ಕದ ಗ್ರಂಥಾಲಯದಲ್ಲಿ ಓದುವವರ ನೆಮ್ಮದಿಯನ್ನೇ ಕೆಡಿಸಿದರಂತೆ. ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ಇದು ಒಡೆಯಿತು; ಮತ್ತೆ ಜೋಡಿಸಿದರು. ನಾವು ನೋಡಿದ ದಿನ ಅದು ಸುಮ್ಮನಿತ್ತು.

ಇತಿಹಾಸದವರು ಶ್ರೀರಂಗಪಟ್ಟಣದ ಗಂಜಾಮಿನವರು. ಕೋಟೆಯ ಕಲ್ಲುಗಳ ಮೇಲೆ ಆಡಿ ಬೆಳೆದವರು. ಗಣಿತದವರು ಕೊಡಗಿನವರು, ಟಿಪ್ಪುವಿನ ಸೈನ್ಯ ಸೆರೆಹಿಡಿದು ಒಯ್ದವರ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರು. ಅಧ್ಯಾಪಕರ ಕೊಠಡಿಯಲ್ಲಿ ಪ್ರತಿ ನವೆಂಬರಿನಲ್ಲಿಯೂ ಇವರಿಬ್ಬರ ನಡುವೆ ಒಂದು ವಾರ ಮಾತು ನಿಲ್ಲುವುದುಂಟು. ಇಲ್ಲಿಯೂ ಅದೇ ಆದೀತೆಂದು ನಾನು ಹೆದರಿದೆ. ಪೆಟ್ಟಿಗೆಯ ಆಚೆಗೊಬ್ಬರು, ಈಚೆಗೊಬ್ಬರು ಬಹಳ ಹೊತ್ತು ನಿಂತರು. ‘ನಮ್ಮೂರಿನಿಂದ ಹೊತ್ತುಕೊಂಡು ಬಂದರು’ ಎಂದರು ಇತಿಹಾಸದವರು. ‘ನಮ್ಮವರನ್ನೂ ನಿಮ್ಮೂರಿಗೆ ಹೀಗೆಯೇ ಒಯ್ದರು’ ಎಂದರು ಗಣಿತದವರು. ಧ್ವನಿ ಏರಲಿಲ್ಲ. ಸ್ವಲ್ಪ ತಡೆದು ಇತಿಹಾಸದವರು, ‘ಹೌದು, ಒಯ್ದರು’ ಎಂದರು. ಅಷ್ಟೆ. ಒಪ್ಪಂದವೆಂದು ಅದನ್ನು ಕರೆಯಲಾರೆ. ಆದರೆ ಅಷ್ಟು ವರ್ಷಗಳಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿಯಾಗಿ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಗಿಲು ಮುಚ್ಚುವ ವೇಳೆಯಾಯಿತೆಂದು ಕಾವಲುಗಾರ ಬಂದು ಹೇಳುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ. ಚೀಟಿಯಲ್ಲಿದ್ದ ಮುಂದಿನ ಎರಡು ಸ್ಥಳಗಳನ್ನು ಗೆಳೆಯ ಪೆನ್ಸಿಲಿನಿಂದ ಹೊಡೆದುಹಾಕಿದ.

ಹೊರಗೆ ಬಂದಾಗ ಸಂಜೆ ಆರು. ನಮ್ಮ ಲೆಕ್ಕದಲ್ಲಿ ದಿನ ಮುಗಿದಿತ್ತು. ಆದರೆ ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತು ಗಂಟೆ ದಾಟಿದ ಮೇಲೆ. ಶೇಷ ಉಳಿದೇ ಇತ್ತು. ‘ಹಾಗಾದರೆ ಬಸವಣ್ಣ’ ಎಂದೆ ನಾನು. ಗೆಳೆಯ ಏನೂ ಹೇಳದೆ ಮುಂದೆ ನಡೆದ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಯಲ್ಲಿ ಒಂದೊಂದು ಕಾಫಿ ಕುಡಿದು, ದಣಿದ ಕಾಲುಗಳನ್ನು ಎಳೆಯುತ್ತ ಆಚೆಯ ದಂಡೆಯಲ್ಲಿ ನಡೆದೆವು. ಲ್ಯಾಂಬೆತ್ ಸೇತುವೆಯನ್ನು ಹಿಂದೆ ಬಿಟ್ಟರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲಿ ಹಸಿರಿನ ನಡುವೆ ಬಸವಣ್ಣನವರ ಎದೆಮಟ್ಟದ ಪ್ರತಿಮೆ. ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದ್ದು 2015ರ ನವೆಂಬರ್ 14ರಂದು. ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ಇಲ್ಲಿಯವರೆಗೆ ಬಂದ ಅಣ್ಣನವರಿಗೆ ನದಿಯ ಆಚೆ, ಸ್ವಲ್ಪ ಬಲಕ್ಕೆ, ಪಾರ್ಲಿಮೆಂಟು ಕಾಣುತ್ತದೆ. ಇಬ್ಬರು ಮಿತ್ರರೂ ಚಿತ್ರ ತೆಗೆಯುವುದರಲ್ಲಿ ತೊಡಗಿದರು. ನಾನೂ ಗೆಳೆಯನೂ ಬೆಂಚಿನ ಮೇಲೆ ಕುಳಿತೆವು. ಇಡೀ ದಿನದಲ್ಲಿ ಅವನು ಗಡಿಯಾರ ನೋಡದೆ ಕುಳಿತದ್ದು ಆಗಲೇ.

‘ಅಪ್ಪ ದಿನಾ ಸಂಜೀಮುಂದ ವಚನಾ ಅಂತಿದ್ದ’ ಎಂದ. ಬೆಳಗಿನಿಂದ ಕಾಣೆಯಾಗಿದ್ದ ಮಾತು ಅದು. ‘ನಾ ಊರು ಮುಟ್ಟೂದ್ರಾಗ ಮಣ್ಣು ಮುಗದಿತ್ತು.’

ಓದುಗರು ಕ್ಷಮಿಸಬೇಕು; ಸುದ್ದಿ ನನಗೆ ಹೊಸದಲ್ಲ. ಅವನ ತಂದೆ ಆ ಫೆಬ್ರವರಿಯಲ್ಲಿ ತೀರಿಕೊಂಡಾಗ ನಾನು ಮೊಬೈಲಿನಲ್ಲಿ ಎರಡು ಸಾಲಿನ ಸಂತಾಪ ಕಳುಹಿಸಿದ್ದೆ. ಹಾಸ್ಟೆಲಿಗೆ ಬಂದಾಗಲೆಲ್ಲ ನನಗೂ ಒಂದು ಗಂಟು ರೊಟ್ಟಿ ತರುತ್ತಿದ್ದ ಹಿರಿಯರು ಅವರು. ಕರೆ ಮಾಡಬೇಕೆಂದುಕೊಂಡೆ, ಪರೀಕ್ಷೆಯ ಕೆಲಸ ಬಂತು. ಹೇಗೂ ಹೋಗುತ್ತೇನಲ್ಲ, ಎದುರಿನಲ್ಲಿಯೇ ಮಾತನಾಡೋಣವೆಂದುಕೊಂಡೆ. ಬಂದು ಒಂದು ರಾತ್ರಿ, ಒಂದು ಹಗಲು ಕಳೆದಿತ್ತು. ಈಜಿಪ್ಟಿನ ದೊರೆ ಬಿಟ್ಟ ತೆರಿಗೆಯನ್ನು ವಿಚಾರಿಸಿದ್ದೆ, ಇದನ್ನು ವಿಚಾರಿಸಿರಲಿಲ್ಲ. ಹಾಗೆಂದು ಅವನಿಗೆ ಹೇಳಿದೆ.

‘ಕೇಳತಿ ಅಂತನ ನಾ ಚೀಟಿ ತುಂಬಿಸಿದ್ದು. ಖಾಲಿ ಹೊತ್ತು ಇಟ್ಟಿದ್ರ ನೀ ಕೇಳತಿದ್ದಿ, ನಾ ಹೇಳಬೇಕಾಗತಿತ್ತು’ ಎಂದು ನಕ್ಕ.

ಆಮೇಲೆ ತಂದೆ ಅನ್ನುತ್ತಿದ್ದ ವಚನವೊಂದನ್ನು ಮೆಲ್ಲಗೆ ಹೇಳತೊಡಗಿದ. ನಡುವೆ ಒಂದು ಸಾಲು ಬರಲಿಲ್ಲ. ತುಟಿ ಅಲುಗಿತು, ಮಾತು ಹೊರಡಲಿಲ್ಲ. ನಾನು ಹೇಳಿಕೊಟ್ಟೆ. ವರ್ಷವರ್ಷವೂ ತರಗತಿಯಲ್ಲಿ ಅರ್ಥ ಹೇಳಿ, ಐದು ಅಂಕಗಳಿಗೆ ಟಿಪ್ಪಣಿ ಬರೆಯಿರೆಂದು ಪ್ರಶ್ನೆ ಹಾಕಿದ ಸಾಲು ಅದು. ಅಂಕಿತಕ್ಕೆ ಬರುವ ಹೊತ್ತಿಗೆ ಅವನ ಧ್ವನಿ ಸಮವಾಗಿತ್ತು.

ಎಷ್ಟು ಹೊತ್ತು ಕುಳಿತಿದ್ದೆವೋ ತಿಳಿಯದು. ನೀರಿನ ಮೇಲೆ ಇನ್ನೂ ಬೆಳಕಿತ್ತು. ಗಣಿತದವರು ಚೀಟಿ ಹಿಡಿದುಕೊಂಡು ಹತ್ತಿರ ಬಂದು, ಸಂಕೋಚದಿಂದ, ‘ನಮ್ಮ ರೈಲಿನ ಹೊತ್ತು ಮೀರಿತಲ್ಲ, ಸಾರ್’ ಎಂದರು.

‘ಹೋಗ್ಲಿ ಬಿಡ್ರಿ’ ಎಂದ ಗೆಳೆಯ. ‘ಮತ್ತೊಂದು ಬರ್ತದ. ಕೂಡ್ರಿ.’