ಮಲ್ಲಿಗೆ ಮೃದು, ಆದರೆ ದುರ್ಬಲವಲ್ಲ

ಹೆಣ್ಣನ್ನು ಹೂವಿಗೆ ಹೋಲಿಸುವುದು ಬಹಳ ಹಳೆಯ ರೂಢಿ. ಹೆಣ್ಣುಮಗು ಹುಟ್ಟಿದರೆ ಹೂವಿನಂಥ ಮಗು ಎನ್ನುತ್ತೇವೆ. ಮದುವೆ ಮಾಡಿ ಕಳುಹಿಸುವಾಗ, ಹೂವಿನ ಹಾಗೆ ಸಾಕಿದ್ದೇವೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಬೀಗರಲ್ಲಿ ಕೇಳಿಕೊಳ್ಳುತ್ತೇವೆ. ಪ್ರೀತಿಯ ಮಾತೇ ಹೌದು. ಆದರೆ ಅದರೊಳಗೆ ಇನ್ನೊಂದು ಅರ್ಥವೂ ಅಡಗಿದೆ. ಹೂವೆಂದರೆ ಬೇಗ ಬಾಡುವಂಥದ್ದು, ಇನ್ನೊಬ್ಬರು ಕಾಪಾಡಬೇಕಾದದ್ದು, ಅಲಂಕಾರಕ್ಕಷ್ಟೇ ಇರುವಂಥದ್ದು. ಹೂವು ನಿಜವಾಗಿಯೂ ಇಷ್ಟೇ ಏನು?

ನಮ್ಮ ಮಲ್ಲಿಗೆಯನ್ನೇ ನೋಡೋಣ. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ಇಟ್ಟ ಹೆಸರು 'ಮೈಸೂರು ಮಲ್ಲಿಗೆ'. ಅಂದಿನಿಂದ ಈ ಹೂವಿನ ಹೆಸರು ಕೇಳಿದೊಡನೆ ಕನ್ನಡಿಗರಿಗೆ ದಾಂಪತ್ಯದ ಒಲವು ನೆನಪಾಗುತ್ತದೆ. 2007-08ರ ಸಾಲಿನಲ್ಲಿ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಮತ್ತು ಉಡುಪಿ ಮಲ್ಲಿಗೆಗೆ ಭೌಗೋಳಿಕ ಮಾನ್ಯತೆಯೂ ದೊರೆಯಿತು. ಉಡುಪಿ ಮಲ್ಲಿಗೆ ಎಂದರೆ ಕಟಪಾಡಿ ಸಮೀಪದ ಶಂಕರಪುರದ ಹೆಸರಿನಲ್ಲಿ ಪ್ರಸಿದ್ಧವಾದ ಹೂವು. ಕರಾವಳಿಯಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಮ್ ಎಂಬ ಭೇದವಿಲ್ಲದೆ ಮದುಮಗಳ ಜಡೆಗೆ ಈ ಹೂವು ಬೇಕು.

ಇದು ದೊಡ್ಡ ಜಮೀನ್ದಾರರ ಬೆಳೆಯಲ್ಲ. ಮನೆಯ ಸುತ್ತಲಿನ ಕೆಲವೇ ಸೆಂಟ್ಸ್ ಜಾಗದಲ್ಲಿ ಬೆಳೆಯುವಂಥದ್ದು. ಹಾಗಾಗಿ ಇದರ ಬಹುಪಾಲು ಕೆಲಸ ಮನೆಯ ಹೆಂಗಸರ ಕೈಯಲ್ಲೇ ನಡೆಯುತ್ತದೆ. ಬೆಳಗಾಗುತ್ತಲೇ, ಅರಳುವ ಮುನ್ನ ಮೊಗ್ಗು ಕೊಯ್ಯಬೇಕು. ನಂತರ ಬಾಳೆ ನಾರಿನಿಂದ ಒತ್ತೊತ್ತಾಗಿ ಕಟ್ಟಬೇಕು. 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಅಂದರೆ ಒಂದು ಅಟ್ಟಿಗೆ 3,200 ಹೂಗಳು. ಪ್ರತಿಯೊಂದನ್ನೂ ಕೊಯ್ಯುವಾಗ ಒಮ್ಮೆ, ಕಟ್ಟುವಾಗ ಒಮ್ಮೆ ಮುಟ್ಟಲೇಬೇಕು. ಇದರ ನಡುವೆ ಮಕ್ಕಳ ತಿಂಡಿ, ಶಾಲೆಯ ಬುತ್ತಿ, ಮನೆಗೆಲಸ ಯಾವುದೂ ನಿಲ್ಲುವುದಿಲ್ಲ.

ಇಷ್ಟು ದುಡಿದರೂ ಬೆಲೆ ಅವರ ಕೈಯಲ್ಲಿಲ್ಲ. ಅದು ಆಯಾ ದಿನವೇ ಮಾರುಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮದುವೆಯ ಕಾಲದಲ್ಲಿ ಅಟ್ಟಿಯ ಬೆಲೆ ಸಾವಿರ ದಾಟುವುದುಂಟು, ಶುಭ ಕಾರ್ಯಗಳಿಲ್ಲದ ದಿನಗಳಲ್ಲಿ ನೆಲ ಕಚ್ಚುವುದೂ ಉಂಟು. 2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆಗಳು ನಿಂತಾಗ ಹೂವನ್ನು ಕೇಳುವವರೇ ಇಲ್ಲವಾದರು. ಆದರೆ ಗಿಡ ಹೂ ಬಿಡುವುದನ್ನು ನಿಲ್ಲಿಸಲಿಲ್ಲ. ಅದಕ್ಕೆ ನೀರು, ಗೊಬ್ಬರ ಕೊಡುವುದನ್ನೂ ನಿಲ್ಲಿಸುವಂತಿರಲಿಲ್ಲ.

ಇನ್ನು ಗಿಡದ ಸ್ವಭಾವವನ್ನು ಗಮನಿಸಿ. ಮಲ್ಲಿಗೆಗೆ ನೆರಳಿನ ಮುದ್ದು ಬೇಡ, ಬಿಸಿಲು ಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗೆಲ್ಲುಗಳನ್ನು ಸವರದೆ ಬಿಟ್ಟರೆ ಪೊದೆ ಬೆಳೆಯುತ್ತದೆಯೇ ಹೊರತು ಹೂವು ಕಡಿಮೆಯಾಗುತ್ತದೆ. ಸವರಿದ ಗೆಲ್ಲಿನಿಂದ ಹೊಸ ಚಿಗುರು ಒಡೆಯುತ್ತದೆ, ಮೊಗ್ಗು ಬರುವುದು ಆ ಚಿಗುರಿನಲ್ಲಿಯೇ. ಮೃದುವಾದ ಆ ಎಸಳಿನ ಹಿಂದೆ ಬಿಸಿಲನ್ನೂ ಕತ್ತರಿಯನ್ನೂ ತಾಳಿಕೊಂಡ ಗಿಡವಿದೆ. ಹೆಣ್ಣನ್ನು ಹೂವಿಗೆ ಹೋಲಿಸುವುದಾದರೆ ಈ ಗಿಡವನ್ನೂ ಸೇರಿಸಿ ಹೋಲಿಸಬೇಡವೇ?

ಹೂವಿನ ಹಣದಿಂದ ಮಕ್ಕಳ ಶಾಲಾ ಶುಲ್ಕ ಕಟ್ಟುವ, ಮನೆಯ ಸಾಲ ತೀರಿಸುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಆದರೂ ಈ ದುಡಿಮೆಯನ್ನು "ಬಿಡುವಿನ ವೇಳೆಯ ಕೆಲಸ" ಎಂದು ಕರೆಯುವ ಅಭ್ಯಾಸ ಹೋಗಿಲ್ಲ. ಸೂರ್ಯ ಮೂಡುವ ಮೊದಲೇ ಎದ್ದು ಮಾಡುವ ಕೆಲಸ ಬಿಡುವಿನದು ಹೇಗಾದೀತು? ಹೂ ಕಟ್ಟುವುದಿರಲಿ, ಬೀಡಿ ಕಟ್ಟುವುದಿರಲಿ, ಹೊಲಿಗೆಯಿರಲಿ, ಮನೆಯೊಳಗೆ ನಡೆಯುತ್ತದೆ ಎಂಬ ಒಂದೇ ಕಾರಣಕ್ಕೆ ಅದು ದುಡಿಮೆಯಲ್ಲ ಎಂದಾಗುವುದಿಲ್ಲ.

ಹೆಣ್ಣಿನ ಸೌಂದರ್ಯವನ್ನು ಹೊಗಳಲು ನಮ್ಮಲ್ಲಿ ಮಾತುಗಳಿಗೆ ಕೊರತೆಯಿಲ್ಲ. ಅವಳ ಶಕ್ತಿಯನ್ನು ಗುರುತಿಸಲು ಮಾತಿಗಿಂತ ಲೆಕ್ಕ ಬೇಕು. ಮನೆಯ ಆದಾಯ ಬರೆಯುವಾಗ ಅವಳ ಸಂಪಾದನೆಯನ್ನು ಅವಳ ಹೆಸರಿನಲ್ಲೇ ಬರೆಯಿರಿ. ಆ ಹಣ ಅವಳದೇ ಬ್ಯಾಂಕ್ ಖಾತೆಗೆ ಹೋಗಲಿ, ಅದರ ಖರ್ಚಿನಲ್ಲಿ ಅವಳ ಮಾತು ನಡೆಯಲಿ. ಮುಂದಿನ ಸಲ ಮದುವೆ ಮನೆಗೆ ಹೂವು ಕೊಳ್ಳುವಾಗ, ಚೆಂಡಿಗೆ ಐದು ರೂಪಾಯಿ ಕಡಿಮೆ ಮಾಡಿ ಎನ್ನುವ ಮೊದಲು ಆ ಎಂಟುನೂರು ಮೊಗ್ಗುಗಳನ್ನು ಒಮ್ಮೆ ನೆನೆಯಿರಿ.