ಮೂರು ಬಣ್ಣದ ಬೆಕ್ಕು

ಕಪ್ಪು, ಕಿತ್ತಳೆ, ಬಿಳಿ—ಈ ಮೂರು ಬಣ್ಣಗಳೂ ಇರುವ ಬೆಕ್ಕನ್ನು ಕಂಡರೆ, ಅದು ಹೆಣ್ಣೆಂದು ನಾವು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಕಾರಣವೇನು? ಕೂದಲು ಕಪ್ಪಾಗಬೇಕೋ ಕಿತ್ತಳೆಯಾಗಬೇಕೋ ಎಂಬುದನ್ನು ನಿರ್ಧರಿಸುವ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಇಂಥ ತಂತು ಒಂದೇ. ಆದುದರಿಂದ ಅದಕ್ಕೆ ಎರಡರಲ್ಲಿ ಒಂದೇ ಬಣ್ಣ. ಹೆಣ್ಣಿಗೆ ಎರಡು ತಂತುಗಳು. ಒಂದು ಕಪ್ಪಿನದು, ಇನ್ನೊಂದು ಕಿತ್ತಳೆಯದು ಆಗಿರಬಹುದು. ಭ್ರೂಣಾವಸ್ಥೆಯಲ್ಲಿಯೇ ಪ್ರತಿಯೊಂದು ಜೀವಕೋಶವೂ ಅವುಗಳಲ್ಲೊಂದನ್ನು ಆಕಸ್ಮಿಕವಾಗಿ ನಿಷ್ಕ್ರಿಯಗೊಳಿಸುತ್ತದೆ. ಅದರಿಂದ ಹುಟ್ಟುವ ಕೋಶಗಳೂ ಅದನ್ನೇ ಅನುಸರಿಸುತ್ತವೆ. 1961ರಲ್ಲಿ ಮೇರಿ ಲಯನ್ ಮಂಡಿಸಿದ ತತ್ತ್ವವಿದು. ಬಿಳುಪಿಗೆ ಕಾರಣ ಬೇರೊಂದು ಜೀನು: ವರ್ಣಕೋಶಗಳು ತಲುಪದ ಕಡೆ ಕೂದಲು ಬೆಳ್ಳಗೆ ಬೆಳೆಯುತ್ತದೆ. ಮೂರು ಬಣ್ಣದ ಗಂಡು ಅತಿ ವಿರಳ. ಅಂಥವುಗಳಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಾಗಿರುತ್ತದೆ. ಬೆಕ್ಕಿನ ಮೈಮೇಲಿನ ಪಟ್ಟೆಮಚ್ಚೆಗಳಲ್ಲಿ ನಾವು ನೋಡುತ್ತಿರುವುದು, ಅದು ಹುಟ್ಟುವ ಮೊದಲೇ ಅದರ ಜೀವಕೋಶಗಳು ಮಾಡಿದ ಆಯ್ಕೆಯನ್ನೇ.