ಹಲವು ಚಿತ್ರ, ಒಂದು ಗೋಡೆ

ಸಾಗರ, ಹೊಸನಗರ ತಾಲ್ಲೂಕುಗಳ ದೀವರ ಮನೆಗಳಲ್ಲಿ ಮದುವೆಯ ಕಾಲಕ್ಕೆ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ನಮ್ಮ ಕಾಲೇಜಿನ ಬಹುಮಂದಿ ಕಂಡಿರುತ್ತಾರೆ. ತೀರ್ಥಹಳ್ಳಿಯ ಕಡೆಯಿಂದ ಬರುವ ಮಿತ್ರರಿಗೂ ಅದರ ಹೆಸರು ಹೊಸದಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಮಸಿ, ಪುಂಡಿನಾರಿನ ಕುಂಚ: ಇಷ್ಟೇ ಸಾಮಗ್ರಿ. ಆದರೆ ಪಕ್ಕಪಕ್ಕದಲ್ಲಿ ಒಂದನ್ನೊಂದು ಮುಟ್ಟದೆ ಓಡುವ ಆ ಎಳೆಗಳ ಶಿಸ್ತು ಯಾವ ಜ್ಯಾಮಿತಿಯ ಪಾಠಕ್ಕೂ ಕಡಿಮೆಯಾದುದಲ್ಲ.

ಈ ಚಿತ್ರಗಳ ಆಯುಷ್ಯ ಗೋಡೆಯ ಆಯುಷ್ಯವೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಶರಾವತಿಯ ಕಣಿವೆಯ ಊರುಗಳು ಮುಳುಗಿದಾಗ ಮನೆಗಳೊಡನೆ ಅವುಗಳ ಗೋಡೆಗಳೂ ಹೋದುವು. ಇಂದು ನೀರು ಬರಬೇಕಾಗಿಲ್ಲ. ಒಂದು ಚೀಲ ಸಿಮೆಂಟು ಸಾಕು. ಆದಕಾರಣ ಉಳಿದಿರುವ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಪ್ರತಿಮಾಡಿ ಇಡುವುದು ನಮ್ಮಂತಹ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಅದರಲ್ಲಿ ಎಲ್ಲರೂ ತೊಡಕುವ ಒಂದು ಹಂತವನ್ನು, ಅಂದರೆ ಹಲವು ಫೋಟೋಗಳನ್ನು ಒಂದೇ ಚಿತ್ರಪಟಕ್ಕೆ ತಂದು ಹೊಂದಿಸುವ ಕ್ರಮವನ್ನು, ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಫೋಟೋಗಳು ಹಲವೇಕೆ? ಆರಡಿ ಅಗಲ, ಮೂರೂವರೆ ಅಡಿ ಎತ್ತರದ ಚಿತ್ತಾರವನ್ನು ಒಂದೇ ಸಲಕ್ಕೆ ಹಿಡಿದರೆ ಸಣ್ಣ ಎಳೆಗಳು ಮಸುಕಾಗುತ್ತವೆ. ಇಕ್ಕಟ್ಟಾದ ಒಳಮನೆಯಲ್ಲಿ ಹಿಂದೆ ಸರಿಯಲು ಸ್ಥಳವೂ ಇರುವುದಿಲ್ಲ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಹೀಗೆ ಹನ್ನೆರಡು ಫೋಟೋ ತೆಗೆಯುವುದು ಒಳ್ಳೆಯದು. ಪ್ರತಿಯೊಂದೂ ನೆರೆಯದರ ಮೂರನೆಯ ಒಂದು ಭಾಗವನ್ನು ಒಳಗೊಂಡಿರಲಿ. ತೆಗೆದ ಕೂಡಲೆ 01, 02, 03 ಎಂದು ಹೆಸರಿಡಬೇಕು. ಬರಿಯ 1, 2 ಎಂದಿಟ್ಟರೆ ಕೆಲವು ತಂತ್ರಾಂಶಗಳು 1ರ ನಂತರ 10ನ್ನು ತಂದು ನಿಲ್ಲಿಸುತ್ತವೆ.

ಇನ್ನು ಲೆಕ್ಕ. 4000 ಅಡ್ಡ, 3000 ಉದ್ದ ಬಿಂದುಗಳ ಒಂದು ಫೋಟೋದಲ್ಲಿ 120 ಲಕ್ಷ ಬಿಂದುಗಳಿರುತ್ತವೆ. ತೆರೆದಾಗ ಬಿಂದುವೊಂದಕ್ಕೆ ಸಾಮಾನ್ಯವಾಗಿ 4 ಬೈಟು. ಅಂದರೆ ಫೋಟೋವೊಂದಕ್ಕೆ 48 ಮೆಗಾಬೈಟು, ಹನ್ನೆರಡಕ್ಕೆ 576. ನಮ್ಮಲ್ಲಿರುವ ಹಳೆಯ ಯಂತ್ರಗಳು ಇಲ್ಲಿಯೇ ಏದುಸಿರು ಬಿಡುತ್ತವೆ. ಮೂಲವನ್ನು ಹಾಗೆಯೇ ಇಟ್ಟು, ಅಳತೆಯನ್ನು ಎರಡೂ ಕಡೆ ಅರ್ಧಕ್ಕಿಳಿಸಿದ ಪ್ರತಿಗಳನ್ನು ಬಳಸಿದರೆ ಹೊರೆ ನಾಲ್ಕನೆಯ ಒಂದು ಪಾಲಿಗೆ, ಅಂದರೆ 144ಕ್ಕೆ ಇಳಿಯುತ್ತದೆ. ಒಂದರಮೇಲೊಂದು ಬರುವ ಭಾಗವನ್ನು ಕಳೆದರೆ ಚಿತ್ರಪಟಕ್ಕೆ 6000 ಅಡ್ಡ, 3500 ಉದ್ದ ಸಾಕು. ಆಗಲೂ ಗೋಡೆಯ ಒಂದು ಅಂಗುಲಕ್ಕೆ 83 ಬಿಂದುಗಳು ದೊರೆಯುವುದರಿಂದ ಎಳೆಗೆ ಮೋಸವಿಲ್ಲ.

ಪ್ರಕೃತ ನಾನು ಬಳಸುವುದು ಕ್ರಿಟಾ ಎಂಬ ಉಚಿತ ತಂತ್ರಾಂಶವನ್ನು. ಸ್ವೀಡಿಷ್ ಭಾಷೆಯಲ್ಲಿ ಈ ಮಾತಿಗೆ ಸೀಮೆಸುಣ್ಣ ಎಂದರ್ಥ. ನಮ್ಮ ಕಿವಿಗೆ ‘ಕೃತ’ ಎಂದು ಕೇಳಿಸುವುದೂ ತಪ್ಪಲ್ಲ, ಹೆಸರಿಟ್ಟವರು ಮಹಾಭಾರತವನ್ನೂ ನೆನೆದಿದ್ದರು. ಮೊದಲು ಖಾಲಿ ಚಿತ್ರಪಟವನ್ನು ತೆರೆದು, ಹನ್ನೆರಡು ಕಡತಗಳನ್ನೂ ಒಟ್ಟಿಗೆ ಆರಿಸಿ ಅದರ ಮೇಲೆ ಎಳೆದು ಬಿಡಬೇಕು. ಆಗ ಏನು ಮಾಡಲಿ ಎಂದು ಅದು ಕೇಳುತ್ತದೆ. ಪ್ರತ್ಯೇಕ ಚಿತ್ರಗಳಾಗಿ ತೆರೆಯೆಂದರೆ ಹನ್ನೆರಡು ಕಿಟಕಿಗಳಾಗುತ್ತವೆ. ಅದು ನಮಗೆ ಬೇಡ. ಲೇಯರುಗಳಾಗಿ ಸೇರಿಸೆಂದರೆ ಒಂದೇ ಪಟದೊಳಗೆ ಹನ್ನೆರಡು ಪದರಗಳು ಬಂದು ಕೂರುತ್ತವೆ. ಫೈಲ್ ಲೇಯರುಗಳೆಂದರೆ ಫೋಟೋ ಹೊರಗೇ ಇದ್ದು ಅದರ ಕೊಂಡಿ ಮಾತ್ರ ಒಳಗಿರುತ್ತದೆ. ಇದರಿಂದ ಮೂಲವನ್ನು ತಿದ್ದಿದರೆ ಪಟದಲ್ಲಿಯೂ ತಿದ್ದುತ್ತದೆ. ಆದರೆ ಕಡತವನ್ನು ಬೇರೆಡೆಗೆ ಸರಿಸಿದರೆ ಕೊಂಡಿ ಕಡಿಯುತ್ತದೆ. ಮನೆಯಲ್ಲೊಂದು, ಕಾಲೇಜಿನಲ್ಲೊಂದು ಯಂತ್ರದಲ್ಲಿ ದುಡಿಯುವ ನಮಗೆ ಮೊದಲಿನ ಪದರದ ಮಾರ್ಗವೇ ಕ್ಷೇಮ. ಗಿಂಪ್ ಬಳಸುವವರು ಫೈಲ್ ಪಟ್ಟಿಯ ‘ಓಪನ್ ಆ್ಯಸ್ ಲೇಯರ್ಸ್’ ಎಂಬುದರಿಂದ ಇದೇ ಫಲವನ್ನು ಪಡೆಯಬಹುದು.

ಇಲ್ಲಿಗೆ ತಂತ್ರಾಂಶದ ಕೆಲಸ ಮುಗಿಯಿತು, ನಮ್ಮದು ಆರಂಭವಾಯಿತು. ಇವು ಹನ್ನೆರಡೂ ಒಂದೇ ಗೋಡೆಯವೆಂದು ಅದಕ್ಕೆ ತಿಳಿಯದು. ಒಂದರ ಮೇಲೊಂದನ್ನು ಪೇರಿಸಿ ಅದು ಸುಮ್ಮನಾಗುತ್ತದೆ. ಮೇಲಿನ ಪದರದ ದಟ್ಟತೆಯನ್ನು ಅರ್ಧಕ್ಕಿಳಿಸಿದರೆ ಕೆಳಗಿನದು ಕಾಣುತ್ತದೆ. ಎರಡರಲ್ಲಿಯೂ ಇರುವ ಒಂದೇ ಮೂಲೆಯನ್ನು ಗುರುತಿಸಿ ಸರಿಸಬೇಕು. ಓರೆಯಾಗಿ ತೆಗೆದದ್ದಿದ್ದರೆ ಟ್ರಾನ್ಸ್‌ಫಾರ್ಮ್ ಸಾಧನದ ಪರ್ಸ್ಪೆಕ್ಟಿವ್ ಕ್ರಮದಿಂದ ನೆಟ್ಟಗೆ ಮಾಡಬೇಕು. ಹೊಂದಿದ ಪದರಗಳಿಗೆ ಬೀಗ ಹಾಕಿ, ಎಲ್ಲಕ್ಕೂ ಮೇಲೆ ಹೊಸದೊಂದು ಖಾಲಿ ಪದರವನ್ನಿಟ್ಟು, ಅದರ ಮೇಲೆ ಎಳೆಗಳನ್ನು ಬರೆಯಬೇಕು.

ಇಷ್ಟು ಎಚ್ಚರ ಏಕೆಂದರೆ, ಚಿತ್ತಾರದಲ್ಲಿ ಎಣಿಕೆಯೇ ಪ್ರಾಣ. ಎರಡು ಫೋಟೋಗಳ ಸೇರುವೆಯಲ್ಲಿ ಬೆರಳಗಲ ತಪ್ಪಿದರೆ ಒಂದೇ ಎಳೆ ಎರಡು ಸಲ ಮೂಡಿ, ಐದೆಳೆಯ ಅಂಚು ಆರೆಳೆಯದಾಗುತ್ತದೆ. ನೋಡಲು ಅಂದವಾಗಿಯೇ ಇರುತ್ತದೆ; ಆದರೆ ಅದು ಯಾವ ಗೋಡೆಯ ಮೇಲೂ ಇರಲಿಲ್ಲ. ಗೋಡೆ ಅಳಿದ ಮೇಲೆ ತಪ್ಪು ಹಿಡಿಯುವವರೂ ಇರುವುದಿಲ್ಲ; ನಮ್ಮ ಪ್ರತಿಯೇ ಮೂಲವಾಗಿಬಿಡುತ್ತದೆ. ಆದ್ದರಿಂದ ಬರೆದ ಕೈ ಇನ್ನೂ ಜೀವಂತವಿರುವಾಗಲೇ ಮುಗಿದ ಪ್ರತಿಯನ್ನು ಆಕೆಯ ಮುಂದಿಟ್ಟು ಎಳೆಗಳನ್ನು ಎಣಿಸಿಸಬೇಕು. ಒಪ್ಪಿದರೆ ಆಕೆಯ ಹೆಸರನ್ನೂ ಊರನ್ನೂ ಕಡತದಲ್ಲಿ ಬರೆದಿಡಬೇಕು. ಬರುವ ಮದುವೆಯ ಕಾಲಕ್ಕೆ ಊರಿಗೆ ಹೋಗುವ ಸಹಪಾಠಿಗಳು ಒಂದೊಂದು ಗೋಡೆಯನ್ನಾದರೂ ಹೀಗೆ ತರುವಂತಾಗಲಿ ಎಂಬುದೇ ನನ್ನ ಬಿನ್ನಹ.